ಎರಡನೇ ಸಲ ನೋಡಿದವರು ಉಳಿಸಿಕೊಂಡ ಹಾಸ್ಯ: 'ಡಾರ್ಕ್‌ಪ್ಲೇಸ್' ಮತ್ತು ಟಿವಿಯ ತಲೆ ಎಣಿಕೆ

2004ರ ಜನವರಿ ಕೊನೆಯಲ್ಲಿ ಬ್ರಿಟನ್ನಿನ ಚಾನೆಲ್ 4ರಲ್ಲಿ ಒಂದು ಹಾಸ್ಯ ಸರಣಿ ಶುರುವಾಯಿತು. ಹೆಸರು 'ಗಾರ್ತ್ ಮರೆಂಗೀಸ್ ಡಾರ್ಕ್‌ಪ್ಲೇಸ್'. ಅರ್ಧ ಗಂಟೆಯ 6 ಕಂತು, ಗುರುವಾರ ರಾತ್ರಿ ತಡವಾಗಿ ಪ್ರಸಾರ. ನೋಡಿದವರು ಕಡಿಮೆ. ಮಾರ್ಚ್ ಮೊದಲ ವಾರದಲ್ಲಿ ಆರನೇ ಕಂತು ಮುಗಿಯಿತು. ಎರಡನೇ ಸೀಸನ್ ಬರಲೇ ಇಲ್ಲ.

2022ಕ್ಕೆ ಬನ್ನಿ. ಅದೇ ಸರಣಿಯ ಮುಖ್ಯ ಪಾತ್ರದ ಹೆಸರಿನಲ್ಲಿ 'ಟೆರರ್‌ಟೋಮ್' ಅನ್ನುವ ಪುಸ್ತಕ ಬಂತು, ಬ್ರಿಟನ್ನಿನ ಬೆಸ್ಟ್‌ಸೆಲರ್ ಪಟ್ಟಿಗೂ ಸೇರಿತು. ಪಾತ್ರದ ವೇಷ ಹಾಕಿಕೊಂಡೇ ನಟ ಊರೂರು ಸುತ್ತಿ ಅದನ್ನು ಓದಿದ. ಜನ ಟಿಕೆಟ್ ತಗೊಂಡು ಹೋಗಿ ಕೇಳಿದರು. 18 ವರ್ಷ ಹಿಂದೆ ಬರೀ 6 ಕಂತು ಬಂದು ಹೋದ ಕಾರ್ಯಕ್ರಮಕ್ಕೆ ಇಷ್ಟು ಜನ ಎಲ್ಲಿಂದ ಬಂದರು?

ಮಾಮೂಲಿ ಉತ್ತರ ಒಂದಿದೆ: ಕಾಲಕ್ಕಿಂತ ಮುಂದಿತ್ತು, ಜನಕ್ಕೆ ಅರ್ಥವಾಗಲಿಲ್ಲ. ನನಗೆ ಅದು ಸರಿ ಅನ್ನಿಸುವುದಿಲ್ಲ. 'ಡಾರ್ಕ್‌ಪ್ಲೇಸ್' ಅರ್ಥವಾಗದ ಹಾಸ್ಯವೇನಲ್ಲ, ಮೊದಲ ಐದು ನಿಮಿಷದಲ್ಲೇ ನಗು ಬರುತ್ತದೆ. ಆದರೆ ಅದರ ಮುಕ್ಕಾಲು ಪಾಲು ನಗು ಎರಡನೇ ಸಲ ನೋಡುವವರಿಗೆ ಕಾದಿದೆ. ಟಿವಿ ಉದ್ಯಮ ಲೆಕ್ಕ ಹಾಕುವುದು ಮೊದಲ ಸಲದ ನೋಟವನ್ನು ಮಾತ್ರ. ಅಭಿಮಾನಿಗಳು ಉಳಿಸಿಕೊಂಡಿದ್ದು ಆ ಲೆಕ್ಕಕ್ಕೆ ಸಿಗದ ಭಾಗವನ್ನು.

ನಮ್ಮಲ್ಲಿ ಬ್ರಿಟಿಷ್ ಹಾಸ್ಯ ಅಂದರೆ ತುಂಬಾ ಜನಕ್ಕೆ ಮಿಸ್ಟರ್ ಬೀನ್ ನೆನಪಾಗುತ್ತಾನೆ. ಇದರ ಜಾತಿಯೇ ಬೇರೆ. ಹಾಗಾಗಿ ಮೊದಲು ಕಥೆಯ ಕಟ್ಟು ಹೇಳಿಬಿಡುತ್ತೇನೆ.

ಗಾರ್ತ್ ಮರೆಂಗಿ ಒಬ್ಬ ಹಾರರ್ ಕಾದಂಬರಿಕಾರ. ಕಾಲ್ಪನಿಕ ಪಾತ್ರ. ಆಡಿದವರು ಮ್ಯಾಥ್ಯೂ ಹೋಲ್ನೆಸ್. ಮರೆಂಗಿಗೆ ತನ್ನ ಪ್ರತಿಭೆಯ ಬಗ್ಗೆ ಎಳ್ಳಷ್ಟೂ ಅನುಮಾನವಿಲ್ಲ. ಓದಿದ್ದಕ್ಕಿಂತ ಜಾಸ್ತಿ ಪುಸ್ತಕ ಬರೆದಿದ್ದೇನೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. 1980ರ ದಶಕದಲ್ಲಿ ಈತ ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಾಯಕನಾಗಿ ಒಂದು ಟಿವಿ ಸರಣಿ ಮಾಡಿದ್ದನಂತೆ. ರಾಮ್‌ಫರ್ಡ್ ಊರಿನ ಒಂದು ಆಸ್ಪತ್ರೆ, ಅದರ ಕೆಳಗೆ ನರಕದ ಬಾಗಿಲು. ಅದು ಎಷ್ಟು ಕೆಟ್ಟದಾಗಿತ್ತು ಅಂದರೆ ಪೆರು ದೇಶದಲ್ಲಿ ಸ್ವಲ್ಪ ದಿನ ಬಂದಿದ್ದು ಬಿಟ್ಟರೆ ಎಲ್ಲೂ ಪ್ರಸಾರವಾಗಲಿಲ್ಲ. ಈಗ, 2004ರಲ್ಲಿ, ಟಿವಿಗೆ ಒಳ್ಳೆಯ ಸರಕೇ ಇಲ್ಲದ ಕಾಲ ಬಂದಿದೆ, ಅದಕ್ಕೇ ನನ್ನ ಹಳೆಯ ಟೇಪುಗಳನ್ನು ಕೇಳಿಕೊಂಡು ಬಂದಿದ್ದಾರೆ ಅನ್ನುತ್ತಾನೆ ಮರೆಂಗಿ. ನಾವು ನೋಡುವುದು ಆ 'ಹಳೆಯ' ಕಂತುಗಳನ್ನು. ನಡುನಡುವೆ ಮರೆಂಗಿ, ಅವನ ಪ್ರಕಾಶಕ ಡೀನ್ ಲರ್ನರ್ ಮತ್ತು ನಟ ಟಾಡ್ ರಿವರ್ಸ್ ಕ್ಯಾಮೆರಾ ಮುಂದೆ ಕೂತು ಅವತ್ತಿನ ಸಾಧನೆ ಬಗ್ಗೆ ಜಂಬ ಕೊಚ್ಚುತ್ತಾರೆ.

ಅಲ್ಲಿಗೆ ಮೂರು ಪದರ ಆಯಿತು. ಆಸ್ಪತ್ರೆಯ ಕಥೆ ಒಂದು. ಆ ಕಥೆಯನ್ನು 80ರ ದಶಕದಲ್ಲಿ ಕಟ್ಟಿದವರ ಎಡವಟ್ಟು ಇನ್ನೊಂದು. 20 ವರ್ಷ ಕಳೆದರೂ ಆ ಎಡವಟ್ಟು ಕಣ್ಣಿಗೆ ಬೀಳದ ಅವರ ಅಹಂಕಾರ ಮೂರನೆಯದು. ನಗು ಹುಟ್ಟುವುದು ಈ ಪದರಗಳ ನಡುವಿನ ಸಂದಿಯಲ್ಲಿ. ಸಂದರ್ಶನದಲ್ಲಿ ಮರೆಂಗಿ ತನ್ನ ಕುಶಲತೆಯ ಬಗ್ಗೆ ಮಾತಾಡುತ್ತಾನೆ, ಮುಂದಿನ ಶಾಟಿನಲ್ಲೇ ಬಲಗೈಯಲ್ಲಿದ್ದ ವಸ್ತು ಎಡಗೈಗೆ ಬಂದಿರುತ್ತದೆ. ಒಳಾರ್ಥ ಇಟ್ಟು ಬರೆಯುವವರೆಲ್ಲ ಹೇಡಿಗಳು ಅನ್ನುವುದು ಅವನ ಸಿದ್ಧಾಂತ. ಅವನ ಹೀರೋ ಡಾ. ರಿಕ್ ಡ್ಯಾಗ್ಲೆಸ್ ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಓಡಾಡುವುದು ಅದಕ್ಕೇ.

ಕೆಟ್ಟ ನಟನೆಯನ್ನು ಚೆನ್ನಾಗಿ ಮಾಡುವುದು ಎಷ್ಟು ಕಷ್ಟ ಅನ್ನುವುದನ್ನು ಇಲ್ಲಿ ನೋಡಬೇಕು. ನಾಲ್ವರೂ ನಾಲ್ಕು ರೀತಿಯಲ್ಲಿ ಕೆಟ್ಟವರು. ಹೋಲ್ನೆಸ್ ಆಡುವ ಮರೆಂಗಿ, ಡ್ಯಾಗ್ಲೆಸ್ ಪಾತ್ರದಲ್ಲಿ ಬಿಗಿದುಕೊಂಡು ನಿಲ್ಲುತ್ತಾನೆ. ತಾನು ಬರೆದ ಸಾಲಿನ ಭಾರ ತಾನೇ ಹೊತ್ತವನ ಹಾಗೆ. ರಿಚರ್ಡ್ ಅಯೋವಾಡೆ ಆಡುವ ಲರ್ನರ್‌ಗೆ ನಟನೆಯೇ ಗೊತ್ತಿಲ್ಲ. ಆಸ್ಪತ್ರೆಯ ಮೇಲಧಿಕಾರಿ ಥಾರ್ನ್‌ಟನ್ ರೀಡ್ ಆಗಿ ನಿಂತಾಗ ಕಣ್ಣು ಕ್ಯಾಮೆರಾ ಕಡೆ ಜಾರುತ್ತದೆ, ಕೈ ಎಲ್ಲಿ ಇಡಬೇಕು ಅಂತ ತಿಳಿಯುವುದಿಲ್ಲ. ಮ್ಯಾಟ್ ಬೆರಿ ಆಡುವ ರಿವರ್ಸ್ ಚೆಲುವ, ಕಂಠಸಿರಿ ಉಳ್ಳವನು. ಆದರೆ ಅವನ ಮಾತನ್ನೆಲ್ಲ ಆಮೇಲೆ ಡಬ್ ಮಾಡಿದ್ದಾರೆ, ತುಟಿಗೂ ದನಿಗೂ ತಾಳೆಯಿಲ್ಲ. ಆಲಿಸ್ ಲೋ ಆಡುವ ನಟಿ ಮ್ಯಾಡಲಿನ್ ವೂಲ್ ಪ್ರತಿ ಸಾಲನ್ನೂ ಕಣ್ಣರಳಿಸಿ ಮೆಲೋಡ್ರಾಮ ಮಾಡುತ್ತಾಳೆ. ಈ ನಾಲ್ಕು ಎಡವಟ್ಟುಗಳು ಒಂದೇ ಫ್ರೇಮಿನಲ್ಲಿ ಸೇರಿದಾಗ ಎಲ್ಲಿ ನೋಡಬೇಕು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಒಬ್ಬರನ್ನು ನೋಡಿದರೆ ಇನ್ನೊಬ್ಬರು ತಪ್ಪಿಹೋಗುತ್ತಾರೆ. ಮತ್ತೆ ನೋಡಲು ಅದೇ ಮೊದಲ ಕಾರಣ.

ಒಂದು ಉದಾಹರಣೆ ಕೊಟ್ಟರೆ ನನ್ನ ವಾದ ಸ್ಪಷ್ಟವಾಗುತ್ತದೆ. ನಾಲ್ಕನೇ ಕಂತಿನಲ್ಲಿ ಆಸ್ಪತ್ರೆಯ ನೀರು ಕೆಟ್ಟು ಸಿಬ್ಬಂದಿ ವಾನರರಾಗುತ್ತಾರೆ. ಸೈಕಲ್ ಮೇಲೆ ಬೆನ್ನಟ್ಟುವ ದೃಶ್ಯವೊಂದಿದೆ. ಅದು ಸ್ಲೋ ಮೋಷನ್‌ನಲ್ಲಿ ಎಳೆಯುತ್ತಲೇ ಹೋಗುತ್ತದೆ. ನಡುವೆ ಲರ್ನರ್ ಬಂದು ಕಾರಣ ಹೇಳುತ್ತಾನೆ: ಕಂತುಗಳು ನಿಗದಿತ ಅವಧಿಗಿಂತ ಚಿಕ್ಕದಾಗಿ ಬರುತ್ತಿದ್ದವು, ಮಾತಿಲ್ಲದ ಶಾಟು ಸಿಕ್ಕಲ್ಲೆಲ್ಲ ಸ್ಲೋ ಮೋಷನ್ ಹಾಕಿ ತುಂಬಿಸಿದೆವು ಅಂತ. ಆ ಕ್ಷಣಕ್ಕೆ ಅದೊಂದು ಒಳ್ಳೆಯ ಜೋಕು, ಅಷ್ಟೇ. ಈಗ ಮೊದಲ ಕಂತಿಗೆ ಹಿಂತಿರುಗಿ. ಅವತ್ತು ಸುಮ್ನೆ ಎಳೆದಂತೆ ಕಂಡಿದ್ದ ಒಂದೊಂದು ಶಾಟಿನ ಹಿಂದೆಯೂ ಈಗ ಇಬ್ಬರು ಕಾಣಿಸುತ್ತಾರೆ: ಎಡಿಟಿಂಗ್ ರೂಮಿನಲ್ಲಿ ಗಡಿಯಾರ ನೋಡುತ್ತಾ ಕೂತ ಮರೆಂಗಿ ಮತ್ತು ಲರ್ನರ್. ನಾಲ್ಕನೇ ಕಂತು ಹಿಂದಿನ ಮೂರಕ್ಕೂ ಹೊಸ ನಗು ಹಚ್ಚಿಬಿಟ್ಟಿದೆ. ವಾರಕ್ಕೊಮ್ಮೆ ನೋಡಿ ಮರೆತವರಿಗೆ ಇದು ಸಿಗುವುದಿಲ್ಲ. ಮೂರು ವಾರದ ಹಿಂದಿನ ಶಾಟು ಯಾರಿಗೆ ನೆನಪಿರುತ್ತದೆ?

ಇನ್ನೊಂದು ವಿಷಯ ಮತ್ತೂ ಆಳದಲ್ಲಿದೆ. ಸಂದರ್ಶನಗಳಲ್ಲಿ ಮೂವರು ಗಂಡಸರು ಕೂತಿರುತ್ತಾರೆ. ಮ್ಯಾಡಲಿನ್ ವೂಲ್ ಇಲ್ಲ. ಆಕೆ ನಾಪತ್ತೆ, ಬಹುಶಃ ತೀರಿಹೋಗಿದ್ದಾಳೆ ಅಂತ ತೇಲಿಸಿ ಹೇಳುತ್ತಾರೆ. ಮೊದಲ ಸಲ ಅದು ಕಪ್ಪು ಹಾಸ್ಯದ ಒಂದು ತುಣುಕು. ಎರಡನೇ ಸಲ ನೋಡುವಾಗ ಆಕೆಯ ಪಾತ್ರ ಡಾ. ಲಿಜ್ ಆಶರ್‌ಗೆ ಮರೆಂಗಿ ಏನೇನು ಬರೆದಿದ್ದಾನೆ ಅನ್ನುವುದು ಕಾಣತೊಡಗುತ್ತದೆ. ಓದಿದ ವೈದ್ಯೆ, ಅತೀಂದ್ರಿಯ ಶಕ್ತಿ ಇರುವವಳು. ಆದರೂ ಪ್ರತಿ ದೃಶ್ಯದಲ್ಲೂ ಗಂಡಸರು ಆಕೆಯ ಬಾಯಿ ಮುಚ್ಚಿಸುತ್ತಾರೆ. ಎರಡನೇ ಕಂತಿನಲ್ಲಿ ಆಕೆಯ ಸಿಟ್ಟೇ ರಾಕ್ಷಸನಾಗುತ್ತದೆ, ಅಡುಗೆಮನೆಯ ಸಾಮಾನುಗಳೆಲ್ಲ ಹಾರಾಡುತ್ತವೆ. ಮರೆಂಗಿಯ ಪ್ರಕಾರ ಇದು ಹೆಣ್ಣಿನ ಕೋಪದ ಬಗ್ಗೆ ಒಂದು ಎಚ್ಚರಿಕೆ. ನಮಗೆ ಕಾಣುವುದು ಮರೆಂಗಿಯ ಭಯ. ತನ್ನ ಬಗ್ಗೆ ತಾನೇ ಮಾತಾಡಲು ಅವಕಾಶ ಸಿಗದ ಒಬ್ಬಳೇ ವ್ಯಕ್ತಿ ಇಡೀ ಸರಣಿಯಲ್ಲಿ ಮ್ಯಾಡಲಿನ್. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಖಾಲಿ ಕುರ್ಚಿಯನ್ನೂ ತೋರಿಸುವುದಿಲ್ಲ. ಒಳಾರ್ಥವೇ ಬೇಡ ಅನ್ನುವ ಲೇಖಕನ ಸುತ್ತ ಇಷ್ಟು ಒಳಾರ್ಥ ಹೆಣೆದ ಹೋಲ್ನೆಸ್ ಮತ್ತು ಅಯೋವಾಡೆ ಬಗ್ಗೆ ನನಗೆ ಅಪಾರ ಗೌರವ. ಹಾಗೆಯೇ ಆಲಿಸ್ ಲೋ ಬಗ್ಗೆ ಕೂಡ. ಒಂದು ಪಾತ್ರದ ಒಳಗಿನ ಪಾತ್ರ ಆಡುತ್ತಾ, ಹೊರಗಿನ ಪಾತ್ರಕ್ಕೆ ಒಂದು ಸಾಲೂ ಇಲ್ಲದಿದ್ದರೂ ಅವಳನ್ನು ನಮಗೆ ಮುಟ್ಟಿಸುತ್ತಾರೆ.

ಎಲ್ಲ ಕಂತೂ ಒಂದೇ ಎತ್ತರದಲ್ಲಿಲ್ಲ. ಸ್ಕಾಟ್ಲೆಂಡಿನ ಮಂಜು ಆಸ್ಪತ್ರೆಗೆ ನುಗ್ಗುವ ಐದನೇ ಕಂತು ನನಗೆ ಸ್ವಲ್ಪ ಸಪ್ಪೆ. ಸ್ಕಾಟಿಷ್ ಜನರ ಬಗ್ಗೆ ಮರೆಂಗಿಗಿರುವ ಕುರುಡು ದ್ವೇಷವೇ ಅದರ ಬಂಡವಾಳ, ಅದು ಬೇಗ ಖರ್ಚಾಗುತ್ತದೆ. ಆರನೇ ಕಂತು ಮತ್ತೆ ಮೇಲೇಳುತ್ತದೆ. ನಿಧಾನಕ್ಕೆ ಬ್ರೊಕೊಲಿಯಾಗಿ ಬದಲಾಗುತ್ತಿರುವ ಹೆಂಗಸಿನ ಮೇಲೆ ರಿವರ್ಸ್ ಆಡುವ ಡಾ. ಸ್ಯಾಂಚೆಜ್‌ಗೆ ಪ್ರೇಮ. ನಡುವೆ 80ರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಹಾಡೊಂದು ಬರುತ್ತದೆ. ಹಾಡು ನಿಜಕ್ಕೂ ಚೆನ್ನಾಗಿದೆ. ಅಣಕವೊಂದು ತನ್ನ ಮೂಲದಷ್ಟೇ ಇಷ್ಟವಾಗುವಂತೆ ಮಾಡುವುದು ಸುಲಭವಲ್ಲ.

ಇನ್ನು ಲೆಕ್ಕದ ವಿಷಯ. ನಮ್ಮಲ್ಲಿ ಟಿಆರ್‌ಪಿ ಅಂತ ಕರೆಯುವುದನ್ನು ಬ್ರಿಟನ್ನಿನಲ್ಲಿ 1981ರಿಂದ ಬಾರ್ಬ್ ಅನ್ನುವ ಸಂಸ್ಥೆ ನೋಡಿಕೊಳ್ಳುತ್ತದೆ. ಆಯ್ದ ಮನೆಗಳಲ್ಲಿ ಮೀಟರ್ ಇಟ್ಟು, ಯಾವ ಹೊತ್ತಿಗೆ ಎಷ್ಟು ಜನ ನೋಡಿದರು ಅಂತ ಅಂದಾಜು ಮಾಡುತ್ತಾರೆ. ರಾತ್ರಿ ಪ್ರಸಾರವಾದರೆ ಬೆಳಗ್ಗೆ ಅಂಕಿ ಕೈಗೆ ಬರುತ್ತದೆ. ರೆಕಾರ್ಡ್ ಮಾಡಿಟ್ಟು 7 ದಿನದೊಳಗೆ ನೋಡಿದವರನ್ನು ಆಮೇಲೆ ಸೇರಿಸುತ್ತಾರೆ. ಬ್ರಿಟನ್ನಿನಲ್ಲಿ ಇನ್ನೊಂದು ಅಳತೆಯೂ ಇದೆ: ನೋಡಿದವರು ಎಷ್ಟು ಮೆಚ್ಚಿದರು ಅಂತ 100ಕ್ಕೆ ಅಂಕ ಕೊಡಿಸುವ ಅಪ್ರಿಸಿಯೇಷನ್ ಇಂಡೆಕ್ಸ್. ತಲೆ ಎಣಿಕೆಗಿಂತ ಅದು ಮೇಲು. ಆದರೆ ಅದೂ ಮೊದಲ ನೋಟದ ಮೆಚ್ಚುಗೆಯೇ. ಒಂದೇ ಕಂತನ್ನು ಒಬ್ಬರು ಹತ್ತು ವರ್ಷದಲ್ಲಿ ಇಪ್ಪತ್ತು ಸಲ ನೋಡಿ ಸಾಲುಸಾಲು ಬಾಯಿಪಾಠ ಮಾಡಿಕೊಂಡರೆ, ಅದನ್ನು ಬರೆದಿಡಲು ಯಾವ ಪುಸ್ತಕದಲ್ಲೂ ಕಾಲಂ ಇಲ್ಲ.

ಚಾನೆಲ್ 4 ಇದನ್ನು ಮಾಡಿದ್ದೇ ದೊಡ್ಡದು ಅಂತಲೂ ಹೇಳಬೇಕು. 1982ರಲ್ಲಿ ಶುರುವಾದ ಈ ಚಾನೆಲ್ ಸಾರ್ವಜನಿಕ ಒಡೆತನದ್ದು, ಖರ್ಚು ಮಾತ್ರ ಜಾಹೀರಾತಿನಿಂದ. ಹೊಸ ಪ್ರಯೋಗ ಮಾಡಬೇಕು, ಬೇರೆಯವರು ಮುಟ್ಟದ ರುಚಿಗಳನ್ನು ಮುಟ್ಟಬೇಕು ಅನ್ನುವುದು ಕಾನೂನಿನಲ್ಲೇ ಅದಕ್ಕೆ ಹಾಕಿದ ಷರತ್ತು. ಹೋಲ್ನೆಸ್ ಮತ್ತು ಅಯೋವಾಡೆ ಎಡಿನ್‌ಬರಾ ಉತ್ಸವದ ರಂಗದ ಮೇಲೆ ಈ ಪಾತ್ರವನ್ನು ಬೆಳೆಸಿದ್ದರು, 2001ರಲ್ಲಿ ಅಲ್ಲಿ ಹಾಸ್ಯಕ್ಕೆ ಕೊಡುವ ಪೆರಿಯರ್ ಪ್ರಶಸ್ತಿ ಗೆದ್ದಿದ್ದರು. ಅಷ್ಟು ನಂಬಿಕೆ ಮೇಲೆ 6 ಕಂತು ಸಿಕ್ಕಿತು. ಹೊಸದನ್ನು ಮಾಡು ಅನ್ನುವ ಷರತ್ತು ಇದೆ, ಮಾಡಿದ್ದಕ್ಕೆ ಕಾಯಿ ಅನ್ನುವ ಷರತ್ತು ಇಲ್ಲ. ತೊಂದರೆ ಇರುವುದು ಅಲ್ಲಿ.

ಕಾದರೆ ಏನಾಗುತ್ತದೆ ಅನ್ನುವುದಕ್ಕೆ ಅದೇ ಕಾಲದ ಸಾಕ್ಷಿ ಇದೆ. ಬಿಬಿಸಿ 2ರಲ್ಲಿ 2001ರ ಬೇಸಿಗೆಯಲ್ಲಿ 'ದಿ ಆಫೀಸ್' ಶುರುವಾದಾಗ ಅದಕ್ಕೂ ದೊಡ್ಡ ಪ್ರೇಕ್ಷಕರಿರಲಿಲ್ಲ. ಮರುಪ್ರಸಾರ ಮಾಡಿದರು, ಎರಡನೇ ಸೀಸನ್ ಬರುವ ಹೊತ್ತಿಗೆ ಜನ ಕಾದು ಕೂತಿದ್ದರು. 'ಡಾರ್ಕ್‌ಪ್ಲೇಸ್' ಡಿವಿಡಿ ಬಂದಿದ್ದು 2006ರಲ್ಲಿ, ಅಂದರೆ ಪ್ರಸಾರವಾಗಿ ಎರಡು ವರ್ಷದ ಮೇಲೆ. ಅಷ್ಟರಲ್ಲಿ ಎಲ್ಲರೂ ಬೇರೆ ಕೆಲಸಕ್ಕೆ ಹೊರಟಿದ್ದರು. ಅದೇ ವರ್ಷ ಲರ್ನರ್ ಪಾತ್ರವನ್ನು ಇಟ್ಟುಕೊಂಡು ಒಂದು ಅಣಕು ಟಾಕ್ ಶೋ ಬಂತು, ಅದೂ 6 ಕಂತಿಗೆ ಮುಗಿಯಿತು.

ಆದರೆ ಆ ಡಿವಿಡಿ ಬೇರೆಯೇ ಕೆಲಸ ಮಾಡಿತು. ಅದರಲ್ಲಿ ಪ್ರತಿ ಕಂತಿಗೂ ಮರೆಂಗಿ, ಲರ್ನರ್, ರಿವರ್ಸ್ ಪಾತ್ರದಲ್ಲೇ ಕೂತು ಕಾಮೆಂಟರಿ ಹೇಳಿದ್ದಾರೆ. ಅಂದರೆ ಮೂರು ಪದರದ ಮೇಲೆ ನಾಲ್ಕನೆಯದು. ಮತ್ತೆ ನೋಡಲು ಇನ್ನೊಂದು ನೆಪ. ಅದೇ ವರ್ಷ ಅಮೆರಿಕದಲ್ಲಿ ಅಡಲ್ಟ್ ಸ್ವಿಮ್ ಅನ್ನುವ ಟಿವಿ ವಾಹಿನಿ ಇದನ್ನು ಪ್ರಸಾರ ಮಾಡಿತು. ಆಮೇಲೆ ನಟರು ಒಬ್ಬೊಬ್ಬರಾಗಿ ಹೆಸರು ಮಾಡಿದರು. ಅಯೋವಾಡೆ 'ದಿ ಐಟಿ ಕ್ರೌಡ್' ಮೂಲಕ ಮನೆಮಾತಾದರು, ಸಿನಿಮಾ ನಿರ್ದೇಶಿಸಿದರು. ಮ್ಯಾಟ್ ಬೆರಿಗೆ 2015ರಲ್ಲಿ ಬ್ರಿಟನ್ನಿನ ದೊಡ್ಡ ಟಿವಿ ಪ್ರಶಸ್ತಿ ಬಾಫ್ಟಾ ಬಂತು. ಆಲಿಸ್ ಲೋ ತಾವೇ ಬರೆದು ನಿರ್ದೇಶಿಸುವ ಹಂತಕ್ಕೆ ಬೆಳೆದರು. ಇವರನ್ನು ಇಷ್ಟಪಟ್ಟವರು ಹಿಂದೆ ಏನು ಮಾಡಿದ್ದರು ಅಂತ ಹುಡುಕಿಕೊಂಡು ಹೋದಾಗ ಸಿಕ್ಕಿದ್ದು ಈ 6 ಕಂತು. ಸಿಕ್ಕವರು ಗೆಳೆಯರನ್ನು ಕೂರಿಸಿ ತೋರಿಸಿದರು. ಹಾಗೆ ತೋರಿಸುವುದೂ ಮತ್ತೊಮ್ಮೆ ನೋಡುವುದೇ, ಅಲ್ವಾ? ಗೆಳೆಯ ಮರೆಂಗಿಯನ್ನು ನೋಡಿ ನಗುತ್ತಿದ್ದರೆ ತೋರಿಸಿದವನ ಕಣ್ಣು ಹಿಂದೆ ನಿಂತ ಲರ್ನರ್ ಮೇಲಿರುತ್ತದೆ.

ಬ್ರಿಟಿಷ್ ಟಿವಿಯಲ್ಲಿ ಅಭಿಮಾನಿಗಳ ಈ ಕೆಲಸಕ್ಕೆ ಹಳೆಯ ಚರಿತ್ರೆ ಇದೆ. 1970ರ ದಶಕದವರೆಗೆ ಬಿಬಿಸಿ ಟೇಪ್ ದುಬಾರಿ ಅಂತ ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಮೇಲೆ ಹೊಸದನ್ನು ರೆಕಾರ್ಡ್ ಮಾಡುತ್ತಿತ್ತು. ಮರುಪ್ರಸಾರಕ್ಕೆ ಕಲಾವಿದರ ಸಂಘಗಳ ಒಪ್ಪಂದದ ಮಿತಿ ಇತ್ತು, ಇಟ್ಟುಕೊಂಡು ಏನು ಮಾಡುವುದು ಅನ್ನುವ ಭಾವನೆ. 'ಡಾಕ್ಟರ್ ಹೂ' ಸರಣಿಯ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಕಳೆದುಹೋಗಿದೆ. ಆದರೆ ಅವುಗಳ ಧ್ವನಿ ಪೂರ್ತಿ ಉಳಿದಿದೆ, ಯಾಕೆಂದರೆ ಮನೆಯಲ್ಲಿ ಟಿವಿ ಮುಂದೆ ಟೇಪ್ ರೆಕಾರ್ಡರ್ ಇಟ್ಟು ಮುದ್ರಿಸಿಕೊಂಡ ಪ್ರೇಕ್ಷಕರಿದ್ದರು. 'ಡ್ಯಾಡ್ಸ್ ಆರ್ಮಿ' ಅನ್ನುವ ದೊಡ್ಡ ಹೆಸರಿನ ಸಿಟ್‌ಕಾಂಗೂ ಇದೇ ಗತಿ ಬಂದಿತ್ತು. ಅದರ ಎರಡು ಕಳೆದುಹೋದ ಕಂತು 2001ರಲ್ಲಿ ಮತ್ತೆ ಸಿಕ್ಕವು.

ಇದೆಲ್ಲ ಹಳೆಯ ಕಥೆ, ಈಗ ಎಲ್ಲವೂ ಸ್ಟ್ರೀಮಿಂಗ್‌ನಲ್ಲಿ ಇರುತ್ತದಲ್ಲ ಅಂತ ಅನ್ನಿಸಬಹುದು. ನನಗೆ ಕಳವಳ ಆಗುವುದು ಅಲ್ಲೇ. ಸ್ಟ್ರೀಮಿಂಗ್ ಕಂಪನಿಗಳಿಗೆ ಮರುನೋಟದ ಮಾಹಿತಿ ಚೆನ್ನಾಗಿ ಗೊತ್ತಿರುತ್ತದೆ. ಆದರೂ ಹೊರಗೆ ಹೇಳಿಕೊಳ್ಳುವ ಲೆಕ್ಕ ಬೇರೆ. ನೆಟ್‌ಫ್ಲಿಕ್ಸ್ ತನ್ನ ಸಾರ್ವಕಾಲಿಕ ಜನಪ್ರಿಯ ಪಟ್ಟಿ ಮಾಡುವಾಗ ಮೊದಲ 28 ದಿನ ಎಣಿಸುತ್ತಿತ್ತು, 2023ರಿಂದ ಮೊದಲ 91 ದಿನ ಎಣಿಸುತ್ತಿದೆ. 91 ದಿನ ಕಳೆದಾಗ 'ಡಾರ್ಕ್‌ಪ್ಲೇಸ್' ಎಲ್ಲಿತ್ತು? ಮುಗಿದುಹೋದ, ಯಾರಿಗೂ ಬೇಡದ ಸರಣಿಯಾಗಿತ್ತು.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. 2023ರ ಮೇ ತಿಂಗಳಲ್ಲಿ ಡಿಸ್ನಿ ಪ್ಲಸ್ ತಾನೇ ದುಡ್ಡು ಹಾಕಿ ಮಾಡಿಸಿದ ಹತ್ತಾರು ಕಾರ್ಯಕ್ರಮಗಳನ್ನು ಖರ್ಚು ಉಳಿಸಲು ಪಟ್ಟಿಯಿಂದ ಕಿತ್ತುಹಾಕಿತು. ಕೆಲವು ಬಂದು ಒಂದು ವರ್ಷವೂ ಆಗಿರಲಿಲ್ಲ. ಹೀಗೆ ಸ್ಟ್ರೀಮಿಂಗ್‌ಗೆಂದೇ ಮಾಡಿದ ಎಷ್ಟೋ ಸರಣಿಗಳಿಗೆ ಡಿವಿಡಿಯೇ ಇರುವುದಿಲ್ಲ. 2004ರಲ್ಲಿ ಗುರುವಾರ ರಾತ್ರಿ ಎಚ್ಚರವಿದ್ದವರು ಬೇಕಾದರೆ ವಿಡಿಯೊ ಟೇಪಿನಲ್ಲಿ ಮುದ್ರಿಸಿಕೊಳ್ಳಬಹುದಿತ್ತು. ಇವತ್ತಿನ ಅಭಿಮಾನಿಯ ಕೈಯಲ್ಲಿ ಏನೂ ಇಲ್ಲ. ಇಷ್ಟವಾದದ್ದನ್ನು ಗೆಳೆಯರಿಗೆ ತೋರಿಸೋಣ ಅಂತ ಹುಡುಕಿದರೆ ಅಲ್ಲಿ ಇರುವುದೇ ಇಲ್ಲ.

ಹೊಸ 'ಡಾರ್ಕ್‌ಪ್ಲೇಸ್' ಹುಟ್ಟುವುದೂ ಕಷ್ಟವಾಗಿದೆ. ಬ್ರಿಟನ್ನಿನಲ್ಲಿ 2013ರಿಂದ ದುಬಾರಿ ಟಿವಿ ಕಾರ್ಯಕ್ರಮಗಳಿಗೆ ತೆರಿಗೆ ವಿನಾಯಿತಿ ಇದೆ. ಷರತ್ತು ಏನೆಂದರೆ ಒಂದು ಗಂಟೆಯ ಕಾರ್ಯಕ್ರಮಕ್ಕೆ ಸರಾಸರಿ 10 ಲಕ್ಷ ಪೌಂಡ್ ಖರ್ಚಾಗಬೇಕು. ದೊಡ್ಡ ಡ್ರಾಮಾ ಸರಣಿಗಳು ಈ ಗೆರೆ ಸುಲಭವಾಗಿ ದಾಟುತ್ತವೆ, ಹೊರದೇಶದ ಹಣವೂ ಬರುತ್ತದೆ. ಅರ್ಧ ಗಂಟೆಯ, ನಾಲ್ಕು ಗೋಡೆಯೊಳಗಿನ ಹಾಸ್ಯಕ್ಕೆ ಸಾಮಾನ್ಯವಾಗಿ ಅಷ್ಟು ಖರ್ಚಾಗುವುದಿಲ್ಲ, ಹಾಗಾಗಿ ವಿನಾಯಿತಿಯೂ ಇಲ್ಲ. ಪ್ರಸಾರ ಕ್ಷೇತ್ರದ ಮೇಲೆ ಕಣ್ಣಿಡುವ ಆಫ್‌ಕಾಮ್ ಸಂಸ್ಥೆ ಕಾಮಿಡಿಯನ್ನು ಅಪಾಯದಲ್ಲಿರುವ ಬಗೆಗಳ ಸಾಲಿಗೆ ಸೇರಿಸಿದೆ. ಕಡಿಮೆ ಖರ್ಚಿನಲ್ಲಿ, ಹೊಸಬರಿಗೆ, ಆರೇ ಆರು ಕಂತಿನ ಅವಕಾಶ ಕೊಟ್ಟು ನೋಡುವ ಹಳೆಯ ಪದ್ಧತಿಯಿಂದಲೇ ಬ್ರಿಟಿಷ್ ಹಾಸ್ಯದ ಒಳ್ಳೆಯದೆಲ್ಲ ಬಂದಿದೆ. 'ಫಾಲ್ಟಿ ಟವರ್ಸ್' ಕೂಡ ಒಟ್ಟು ಇದ್ದದ್ದು 12 ಕಂತು. ಆ ಪದ್ಧತಿಯ ಬುಡಕ್ಕೇ ನೀರಿಲ್ಲದಂತಾಗಿದೆ.

ಬೇಗ ನಿಂತುಹೋದ ಸರಣಿಗಳೆಲ್ಲ ಅಡಗಿದ ರತ್ನಗಳು ಅಂತ ನಾನು ಹೇಳುತ್ತಿಲ್ಲ. ಬಹಳಷ್ಟು ಸರಣಿಗಳು ನಿಲ್ಲಬೇಕಾದದ್ದಕ್ಕೇ ನಿಂತಿವೆ. ಅಭಿಮಾನಿಗಳಲ್ಲೂ ಒಂದು ಕೆಟ್ಟ ಚಟ ಬೆಳೆಯುತ್ತದೆ: ನಮಗೆ ಮಾತ್ರ ಗೊತ್ತು ಅನ್ನುವ ಬಿಂಕ, ಸಾಲುಗಳನ್ನು ಗುರುತಿನ ಚೀಟಿಯ ಹಾಗೆ ಬಳಸುವುದು. ಹೊಸಬರನ್ನು ಅದು ದೂರ ತಳ್ಳುತ್ತದೆ. ಎರಡನೇ ಸೀಸನ್ ಬೇಕಿತ್ತು ಅಂತ ತುಂಬಾ ಜನ ಕೊರಗುತ್ತಾರೆ, ನನಗೆ ಆ ಕೊರಗು ಇಲ್ಲ. ಮೂರು ಪದರದ ಆಟವನ್ನು ಇನ್ನೂ 6 ಕಂತು ಎಳೆದಿದ್ದರೆ ಐದನೇ ಕಂತಿನಂಥವು ಜಾಸ್ತಿ ಆಗುತ್ತಿದ್ದವು ಅನ್ನಿಸುತ್ತದೆ. ಮರೆಂಗಿಗೆ ಪುಸ್ತಕವೇ ಸರಿಯಾದ ಜಾಗ. ಅವನು ಮೊದಲಿಗೆ ಲೇಖಕ ತಾನೇ. ಪುಸ್ತಕದಲ್ಲಿ ಅವನ ಕೆಟ್ಟ ಗದ್ಯವೇ ನೇರವಾಗಿ ಓದುಗರ ಕೈಗೆ ಸಿಗುತ್ತದೆ, 2023ರಲ್ಲಿ ಎರಡನೇ ಪುಸ್ತಕವೂ ಬಂತು. ಒಬ್ಬ ಕಲಾವಿದ ತನ್ನ ಪಾತ್ರವನ್ನು 20 ವರ್ಷಕ್ಕೂ ಜಾಸ್ತಿ ಕಾಲ ಬೆಳೆಸಿಕೊಂಡು ಬರಲು ಸಾಧ್ಯವಾಗಿದ್ದು ಅಭಿಮಾನಿಗಳು ಕಾದಿದ್ದರಿಂದ. ಚಾನೆಲ್ ಆಗಲೀ ಪ್ಲಾಟ್‌ಫಾರ್ಮ್ ಆಗಲೀ ಕಾಯಲಿಲ್ಲ.

ಹೊಸದಾಗಿ ನೋಡುವವರಿಗೆ ನನ್ನದೊಂದು ಸಲಹೆ. 1ರಿಂದ 4ರವರೆಗೆ ಸಾಲಾಗಿ ನೋಡಿ. 5 ಮತ್ತು 6ನ್ನು ನೋಡುವ ಮೊದಲು ಮತ್ತೆ 1ಕ್ಕೆ ಹೋಗಿ. ಈ ಸಲ ಮುಂದೆ ನಿಂತು ಮಾತಾಡುವವರನ್ನು ಬಿಟ್ಟು, ಮಾತಿಲ್ಲದೆ ನಿಂತವರನ್ನು ನೋಡಿ. ಮೊದಲು ಲರ್ನರ್, ಆಮೇಲೆ ಮ್ಯಾಡಲಿನ್.